ರಿಫಿಯಸ್ ಸ್ವರ್ಗದಲ್ಲಿ, ವರ್ಜಿಲ್ ಲಿಂಬೊದಲ್ಲಿ: ಡಾಂಟೆಯ ಈ ತೀರ್ಪನ್ನು ಹೇಗೆ ಓದಬೇಕು?

ಪ್ರಶ್ನೆ

ಇಟಾಲಿಯನ್ ಕವಿ ಡಾಂಟೆ ತಾನೇ ನರಕ, ಶುದ್ಧಿಲೋಕ, ಸ್ವರ್ಗಗಳನ್ನು ಹಾದುಹೋಗುವ ಕಾವ್ಯ ‘ಡಿವೈನ್ ಕಾಮೆಡಿ’ಯನ್ನು ವಾರಕ್ಕೆ ನಾಲ್ಕು ಸರ್ಗಗಳಂತೆ ಓದುತ್ತ ಬಂದವನು ಸ್ವರ್ಗಕಾಂಡದ 20ನೆಯ ಸರ್ಗದಲ್ಲಿ ನಿಂತುಬಿಟ್ಟಿದ್ದೇನೆ. ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಕಾಡುತ್ತಿರುವ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಲ್ಲವರು ದಯವಿಟ್ಟು ಉತ್ತರಿಸಬೇಕು.

ನರಕಕಾಂಡದ 4ನೆಯ ಸರ್ಗದಲ್ಲಿ, ನರಕದ ಮೊದಲ ಸುತ್ತಾದ ಲಿಂಬೊದಲ್ಲಿ, ಕ್ರಿಸ್ತನ ಮೇಲೆ ನಂಬಿಕೆಯಿಡದೆ ಬಾಳಿ ತೀರಿಕೊಂಡ ಸಜ್ಜನರಿದ್ದಾರೆ. ಅಲ್ಲಿ ಬೆಂಕಿಯಿಲ್ಲ, ಚಾವಟಿಯಿಲ್ಲ, ಗೋಳಾಟವಿಲ್ಲ. ಇರುವುದು ನಿಟ್ಟುಸಿರು ಮಾತ್ರ, ಆ ನಿಟ್ಟುಸಿರಿಗೆ ಅಲ್ಲಿನ ಗಾಳಿ ಎಂದೆಂದಿಗೂ ನಡುಗುತ್ತಿರುತ್ತದೆ. ಇವರು ಪಾಪ ಮಾಡಿದವರಲ್ಲ, ಪುಣ್ಯವಿದ್ದರೂ ಅದು ಸಾಲದು, ಏಕೆಂದರೆ ಇವರಿಗೆ ದೀಕ್ಷಾಸ್ನಾನವಾಗಿರಲಿಲ್ಲ ಎಂದು ಡಾಂಟೆಗೆ ದಾರಿ ತೋರುವ ಪ್ರಾಚೀನ ರೋಮನ್ ಕವಿ ವರ್ಜಿಲ್ ವಿವರಿಸುತ್ತಾನೆ, ತಾನೂ ಇವರಲ್ಲೊಬ್ಬನೆಂದು ಸೇರಿಸುತ್ತಾನೆ. ನಿರೀಕ್ಷೆಯಿಲ್ಲದೆ ಹಂಬಲದಲ್ಲೇ ಬದುಕುವುದು, ಇಷ್ಟೇ ಅವರಿಗಾದ ನೋವು. ಈ ಸಾಲನ್ನು ಓದಿದಾಗಲೇ ಮನಸ್ಸು ಭಾರವಾಗಿತ್ತು. ಆದರೂ ನಿಯಮವೆಂದರೆ ನಿಯಮ, ಅದು ಎಲ್ಲರಿಗೂ ಒಂದೇ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಸ್ವರ್ಗದಲ್ಲಿ, ಗುರುಗ್ರಹದ ಮಂಡಲದಲ್ಲಿ, ನ್ಯಾಯವಂತರ ಆತ್ಮಗಳೆಲ್ಲ ಸೇರಿ ಒಂದು ಹದ್ದಿನ ಆಕಾರ ತಾಳಿ ಮಾತನಾಡುತ್ತವೆ. ಆ ಹದ್ದಿನ ಕಣ್ಣಿನ ಪಾಪೆಯಲ್ಲಿ ದಾವೀದನಿದ್ದಾನೆ. ಹುಬ್ಬಿನ ಕಮಾನಿನಲ್ಲಿ ಬೆಳಗುವ ಐವರಲ್ಲಿ ಇಬ್ಬರು ಅಕ್ರೈಸ್ತರು. ಒಬ್ಬ ರೋಮ್ ಸಾಮ್ರಾಟ ಟ್ರೇಜನ್. ಇನ್ನೊಬ್ಬ ಟ್ರಾಯ್ ನಗರದ ರಿಫಿಯಸ್. ಈ ರಿಫಿಯಸ್ ಯಾರೆಂದು ಹುಡುಕಿದರೆ, ಅವನು ವರ್ಜಿಲ್‌ನ ‘ಈನಿಡ್’ ಕಾವ್ಯದ ಎರಡನೆಯ ಸರ್ಗದಲ್ಲಿ ಬಂದುಹೋಗುವ ಒಬ್ಬ ಸಣ್ಣ ಯೋಧ. ಟ್ರಾಯ್ ಉರಿಯುತ್ತಿರುವ ರಾತ್ರಿ ಹೋರಾಡುತ್ತ ಬೀಳುತ್ತಾನೆ. ಟ್ರಾಯ್‌ನವರಲ್ಲೆಲ್ಲ ಅವನಷ್ಟು ನ್ಯಾಯವಂತನಿರಲಿಲ್ಲ, ಆದರೆ ದೇವತೆಗಳ ಎಣಿಕೆಯೇ ಬೇರೆಯಿತ್ತು ಎಂದು ಹೇಳಿ ವರ್ಜಿಲ್ ಮುಂದೆ ಸಾಗುತ್ತಾನೆ. ಅವನ ಬಗ್ಗೆ ನಮಗೆ ದೊರೆಯುವುದು ಇಷ್ಟೇ.

ಆ ಎರಡು ಸಾಲನ್ನು ಬರೆದ ಕವಿ ನರಕದ ಅಂಚಿನಲ್ಲಿದ್ದಾನೆ, ಆ ಸಾಲಿನಲ್ಲಿ ಬದುಕಿ ಸತ್ತ ಪಾತ್ರ ಸ್ವರ್ಗದಲ್ಲಿದೆ. ಇದು ಡಾಂಟೆಗೆ ಕಾಣದೆ ಹೋದ ವಿರೋಧವೋ, ಬೇಕೆಂದೇ ಮಾಡಿದ್ದೋ? ಅವನ ಕಾಲದ ಆಸುಪಾಸಿನ ಬೇರೆ ಕ್ರೈಸ್ತ ಕವಿಗಳು ಇಂಥ ಸಜ್ಜನರನ್ನು ಹೇಗೆ ನಡೆಸಿಕೊಂಡರು?

ಉತ್ತರ 1

ತಾವು ನಿಂತ ಜಾಗ ಸರಿಯಾದ ಜಾಗವೇ. ಆ ಸರ್ಗದಲ್ಲಿ ಡಾಂಟೆಯೂ ತಡೆದುಕೊಳ್ಳಲಾರದೆ ‘ಇದೇನಿದು!’ ಎಂದು ಕೂಗುತ್ತಾನೆ. ಬಾಯಿಗೆ ಬಂದ ಮಾತಲ್ಲ ಅದು, ತನ್ನ ಭಾರಕ್ಕೆ ತಾನೇ ಹೊರಬಿದ್ದ ಮಾತು ಎಂದು ಅವನೇ ಬರೆಯುತ್ತಾನೆ. ಆದ್ದರಿಂದ ಇದು ಅವನ ಕಣ್ಣಿಗೆ ಬೀಳದ ವಿರೋಧವಾಗಿರಲು ಸಾಧ್ಯವಿಲ್ಲ.

ಮೊದಲು ಲಿಂಬೊದ ಬಗ್ಗೆ ಒಂದು ಮಾತು, ಏಕೆಂದರೆ ಅಲ್ಲಿನ ವ್ಯವಸ್ಥೆಯನ್ನು ಚರ್ಚ್‌ನ ಸಿದ್ಧಾಂತವೆಂದೇ ಹಲವರು ತಿಳಿಯುತ್ತಾರೆ. 13ನೆಯ ಶತಮಾನದ ದೇವತಾಶಾಸ್ತ್ರಜ್ಞರು ಎರಡು ಲಿಂಬೊಗಳನ್ನು ಹೇಳುತ್ತಿದ್ದರು. ಒಂದು ಪಿತೃಗಳದ್ದು: ಅಬ್ರಹಾಮ, ಮೋಶೆ, ದಾವೀದ ಮೊದಲಾದವರು ಕ್ರಿಸ್ತನ ಬರವಿಗಾಗಿ ಕಾದಿದ್ದ ಸ್ಥಳ, ಶಿಲುಬೆಯ ಮರಣದ ನಂತರ ಕ್ರಿಸ್ತನು ಪಾತಾಳಕ್ಕಿಳಿದು ಅವರನ್ನು ಬಿಡಿಸಿಕೊಂಡು ಹೋದ ಮೇಲೆ ಅದು ಬರಿದಾಯಿತು. ಇನ್ನೊಂದು ಶಿಶುಗಳದ್ದು: ದೀಕ್ಷಾಸ್ನಾನಕ್ಕೆ ಮುನ್ನವೇ ತೀರಿಕೊಂಡ ಕೂಸುಗಳ ಸ್ಥಳ. ಬುದ್ಧಿ ಬಲಿತ, ನ್ಯಾಯವಾಗಿ ಬಾಳಿದ ಅಕ್ರೈಸ್ತ ವಯಸ್ಕರಿಗೆ ಈ ಎರಡರಲ್ಲೂ ಜಾಗವಿರಲಿಲ್ಲ. ಅವರನ್ನು ಒಳಗೆ ಕರೆತಂದವನು ಡಾಂಟೆ. ಅಷ್ಟೇ ಅಲ್ಲ, ಅವರಿಗಾಗಿ ಏಳು ಸುತ್ತಿನ ಗೋಡೆಯ ಕೋಟೆ, ಅದನ್ನು ಬಳಸಿ ಹರಿಯುವ ತೊರೆ, ಒಳಗೆ ಹಸಿರು ಹುಲ್ಲುಗಾವಲು, ಕತ್ತಲನ್ನು ದೂರವಿಡುವ ಒಂದು ಬೆಳಕು, ಇಷ್ಟನ್ನೂ ಕಟ್ಟಿಕೊಟ್ಟ. ಆದ್ದರಿಂದ ‘ವರ್ಜಿಲ್‌ನನ್ನು ಡಾಂಟೆ ನರಕದಲ್ಲಿಟ್ಟ’ ಎನ್ನುವಾಗ, ಆ ಕಾಲದ ಪಾಠಶಾಲೆಯ ಲೆಕ್ಕ ಕೊಡುತ್ತಿದ್ದುದಕ್ಕಿಂತ ಹೆಚ್ಚಿನದನ್ನೇ ಅವನು ಕೊಟ್ಟ ಎಂಬುದನ್ನೂ ನೆನೆಯಬೇಕು.

ಅಲ್ಲಿ ಯಾರಿದ್ದಾರೆ ನೋಡಿ. ಕೈಯಲ್ಲಿ ಕತ್ತಿ ಹಿಡಿದ ಹೋಮರ್, ಹೊರೇಸ್, ಓವಿಡ್, ಲೂಕನ್ ಎದುರುಗೊಳ್ಳುತ್ತಾರೆ. ಒಳಗೆ, ಬಲ್ಲವರೆಲ್ಲರ ಗುರುವಾದ ಅರಿಸ್ಟಾಟಲ್ ನಡುವೆ ಕುಳಿತಿದ್ದಾನೆ, ಸಾಕ್ರಟೀಸ್ ಮತ್ತು ಪ್ಲೇಟೊ ಅವನ ಹತ್ತಿರ ನಿಂತಿದ್ದಾರೆ. ಕ್ರಿಸ್ತನಿಗಿಂತ ಮುಂಚೆ ಹುಟ್ಟಿದವರು ಮಾತ್ರವಲ್ಲ, ಸಾವಿರ ವರ್ಷ ಆಮೇಲೆ ಹುಟ್ಟಿದ ಮುಸ್ಲಿಮರೂ ಇದ್ದಾರೆ: ವೈದ್ಯ ಇಬ್ನ್ ಸೀನಾ, ಅರಿಸ್ಟಾಟಲ್‌ಗೆ ಮಹಾಭಾಷ್ಯ ಬರೆದ ಇಬ್ನ್ ರುಷ್ದ್, ಮತ್ತು ಒಂದು ಮೂಲೆಯಲ್ಲಿ ಒಬ್ಬನೇ ನಿಂತ ಸಲಾದಿನ್. 1187ರಲ್ಲಿ ಜೆರುಸಲೇಮನ್ನು ಕ್ರೈಸ್ತರ ಕೈಯಿಂದ ಗೆದ್ದುಕೊಂಡ ಸುಲ್ತಾನನನ್ನು, ಅವನ ಸಾವಿಗೆ ಇನ್ನೂ ಒಂದೂಕಾಲು ಶತಮಾನ ಆಗುವಷ್ಟರಲ್ಲಿ, ಒಬ್ಬ ಕ್ರೈಸ್ತ ಕವಿ ಗೌರವದ ಕೋಟೆಯೊಳಗೆ ನಿಲ್ಲಿಸಿದ್ದಾನೆ. ಇದು ಸಣ್ಣ ಮಾತಲ್ಲ. ಇವರು ಕ್ರಿಸ್ತನ ಹೆಸರನ್ನು ಕೇಳದವರೂ ಅಲ್ಲ. ಕೇಳಿಯೂ ನಂಬದಿದ್ದವರಿಗೆ ಈ ಜಾಗ ಕೊಟ್ಟಮೇಲೆ, ಕೇಳದವರ ವಿಚಾರ ಡಾಂಟೆಯ ಮನಸ್ಸನ್ನು ಇನ್ನಷ್ಟು ಕೊರೆದಿರಲೇಬೇಕು.

ಕೊರೆದದ್ದಕ್ಕೆ ಸಾಕ್ಷಿ ತಾವು ಈಗಷ್ಟೇ ದಾಟಿಬಂದ 19ನೆಯ ಸರ್ಗದಲ್ಲಿದೆ. ಸಿಂಧೂ ನದಿಯ ದಡದಲ್ಲಿ ಒಬ್ಬ ಮನುಷ್ಯ ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ಬಗ್ಗೆ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಮನುಷ್ಯಬುದ್ಧಿಗೆ ಕಾಣುವ ಮಟ್ಟಿಗೆ ಅವನ ಇಚ್ಛೆಗಳೆಲ್ಲ ಒಳ್ಳೆಯವು, ನಡೆಯೆಲ್ಲ ಒಳ್ಳೆಯದು, ನುಡಿಯಲ್ಲೂ ಬದುಕಿನಲ್ಲೂ ಪಾಪವಿಲ್ಲ. ಅವನು ದೀಕ್ಷಾಸ್ನಾನವಿಲ್ಲದೆ, ನಂಬಿಕೆಯಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಎಲ್ಲಿದೆ? ಅವನು ನಂಬದಿದ್ದರೆ ಅವನ ತಪ್ಪೇನು? ಈ ಪ್ರಶ್ನೆ ತನ್ನೊಳಗೆ ಎಷ್ಟೋ ಕಾಲದಿಂದ ಹಸಿದುಕೊಂಡೇ ಇತ್ತೆಂದು ಡಾಂಟೆ ಹೇಳಿಕೊಳ್ಳುತ್ತಾನೆ, ಹದ್ದು ಅದನ್ನು ಅವನ ಬಾಯಿಂದ ಹೊರಡಿಸದೆ ತಾನೇ ನುಡಿಯುತ್ತದೆ. ಎದುರಾಳಿಯ ವಾದವನ್ನು ಇಷ್ಟು ಬಲವಾಗಿ ಮಂಡಿಸಿದ ಇನ್ನೊಂದು ಸಾಲನ್ನು ಮಧ್ಯಯುಗದ ಕಾವ್ಯದಲ್ಲಿ ನಾನು ಕಂಡಿಲ್ಲ.

ಹದ್ದಿನ ಉತ್ತರ ಕಠಿಣವಾಗಿದೆ: ಗೇಣುದ್ದದ ನೋಟವಿಟ್ಟುಕೊಂಡು ಸಾವಿರ ಮೈಲಿ ದೂರದ್ದನ್ನು ತೀರ್ಮಾನಿಸಲು ನ್ಯಾಯಪೀಠ ಏರುವ ನೀನು ಯಾರು? ಆದರೆ ಹದ್ದು ಅಲ್ಲಿಗೇ ನಿಲ್ಲಿಸುವುದಿಲ್ಲ. ‘ಕ್ರಿಸ್ತ, ಕ್ರಿಸ್ತ’ ಎಂದು ಕೂಗುವ ಎಷ್ಟೋ ಮಂದಿ, ತೀರ್ಪಿನ ದಿನ ಕ್ರಿಸ್ತನನ್ನೇ ಅರಿಯದವನಿಗಿಂತಲೂ ದೂರದಲ್ಲಿರುತ್ತಾರೆ ಎಂದು ಸೇರಿಸಿ, ಆ ಕಾಲದ ಕ್ರೈಸ್ತ ದೊರೆಗಳ ದುಷ್ಕೃತ್ಯಗಳನ್ನು ಸಾಲಾಗಿ ಓದುತ್ತದೆ. ಇದೇ ಪ್ರಶ್ನೆಗೆ ಥಾಮಸ್ ಅಕ್ವಿನಾಸ್ ಬೇರೆ ಉತ್ತರ ಕೊಟ್ಟಿದ್ದ: ಕಾಡಿನಲ್ಲಿ ಬೆಳೆದವನೂ ಸಹಜಬುದ್ಧಿಯಂತೆ ಒಳಿತನ್ನರಸಿ ಕೆಡುಕಿನಿಂದ ದೂರವಿದ್ದರೆ, ದೇವರು ಒಳಪ್ರೇರಣೆಯಿಂದಲಾದರೂ ಒಬ್ಬ ಬೋಧಕನನ್ನು ಕಳಿಸಿಯಾದರೂ ಅವನಿಗೆ ಬೇಕಾದುದನ್ನು ತಿಳಿಸುತ್ತಾನೆ ಎಂದು. ಬುದ್ಧಿಗೆ ಒಪ್ಪುವ ಉತ್ತರ ಅದು. ಡಾಂಟೆ ಅದನ್ನು ಹದ್ದಿನ ಬಾಯಲ್ಲಿ ಇಡದೆ, ಮುಂದಿನ ಸರ್ಗದಲ್ಲಿ ರಿಫಿಯಸ್‌ನನ್ನು ಎದುರಿಗೆ ತಂದು ನಿಲ್ಲಿಸಿದ.

ಪ್ರಶ್ನೆ ಕೇಳಿದವರಿಂದ

ತಮ್ಮ ವಿವರಣೆಗೆ ಕೃತಜ್ಞನಾಗಿದ್ದೇನೆ. ಸಿಂಧೂ ದಡದ ಮನುಷ್ಯನ ಸಾಲನ್ನು ಓದಿದಾಗ ನನಗೂ ಮೈ ಜುಮ್ಮೆಂದಿತ್ತು. ಆದರೆ ನನ್ನ ಸಂಕಟ ಇದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ದೀಕ್ಷಾಸ್ನಾನದ ವಿಧಿ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂವರು ಸ್ತ್ರೀಯರೇ ರಿಫಿಯಸ್‌ಗೆ ದೀಕ್ಷಾಸ್ನಾನವಾದರು ಎಂದು ಹದ್ದು ಹೇಳುತ್ತದೆ. ಒಬ್ಬನಿಗೆ ಆದದ್ದು ಇನ್ನೊಬ್ಬನಿಗೂ ಆಗಬಹುದಿತ್ತಲ್ಲವೇ? ಟ್ರೇಜನ್‌ಗೆ ಒಬ್ಬ ಪೋಪ್ ಪ್ರಾರ್ಥಿಸಿದ. ವರ್ಜಿಲ್‌ಗಾಗಿ ಪ್ರಾರ್ಥಿಸಲು ಡಾಂಟೆಯ ಸ್ವರ್ಗದಲ್ಲಿ ಒಬ್ಬರೂ ಇರಲಿಲ್ಲವೇ?

ಉತ್ತರ 2

ಬೇರೆ ಕವಿಗಳ ಬಗ್ಗೆ ತಾವು ಕೇಳಿದ್ದರಿಂದ ಟ್ರೇಜನ್‌ನ ಕಥೆಯಿಂದಲೇ ಹೊರಡುತ್ತೇನೆ, ಏಕೆಂದರೆ ಈ ಇಡೀ ಚರ್ಚೆಗೆ ಅವನೇ ಹೆಬ್ಬಾಗಿಲು.

ಟ್ರೇಜನ್ ರೋಮನ್ನು ಆಳಿದ್ದು ಕ್ರಿ.ಶ. 98ರಿಂದ 117ರವರೆಗೆ. ಸೈನ್ಯದೊಡನೆ ಹೊರಟಿದ್ದ ಅವನ ಕುದುರೆಯ ಲಗಾಮು ಹಿಡಿದು ಒಬ್ಬ ವಿಧವೆ, ಕೊಲೆಯಾದ ತನ್ನ ಮಗನಿಗೆ ನ್ಯಾಯ ಬೇಡಿದಳು. ಹಿಂದಿರುಗಿದ ಮೇಲೆ ನೋಡೋಣ ಎಂದವನು, ಹಿಂದಿರುಗದಿದ್ದರೆ ಎಂಬ ಅವಳ ಮಾತಿಗೆ ಮಣಿದು ನಿಂತ ಜಾಗದಲ್ಲೇ ನ್ಯಾಯ ಕೊಟ್ಟ. ಡಾಂಟೆ ಈ ದೃಶ್ಯವನ್ನು, ಸ್ವರ್ಗಕ್ಕೇರುವ ಮುನ್ನ ಆತ್ಮಗಳು ಪಾಪ ತೊಳೆದುಕೊಳ್ಳುವ ಶುದ್ಧಿಲೋಕದ ಕಾಂಡದ 10ನೆಯ ಸರ್ಗದಲ್ಲಿ ಅಮೃತಶಿಲೆಯ ಉಬ್ಬುಶಿಲ್ಪವಾಗಿ ತೋರಿಸುತ್ತಾನೆ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಆದ ಮಹಾ ಗ್ರೆಗರಿ, ರೋಮ್‌ನಲ್ಲಿ ಟ್ರೇಜನ್‌ನ ಚೌಕವನ್ನು ಹಾದುಹೋಗುವಾಗ ಈ ಘಟನೆ ನೆನಪಾಗಿ, ಇಂಥವನು ನರಕದಲ್ಲಿದ್ದಾನಲ್ಲ ಎಂದು ಅತ್ತನಂತೆ. ಇಂಗ್ಲೆಂಡಿನ ವ್ಹಿಟ್ಬಿ ಮಠದಲ್ಲಿ 8ನೆಯ ಶತಮಾನದ ಆರಂಭದಲ್ಲಿ ಬರೆದ ಗ್ರೆಗರಿಯ ಚರಿತ್ರೆಯಲ್ಲಿ, ಆ ಕಣ್ಣೀರೇ ಟ್ರೇಜನ್‌ಗೆ ದೀಕ್ಷಾಸ್ನಾನವಾಯಿತು ಎಂಬ ಮಾತಿದೆ. ಮುಂದಿನವರಿಗೆ ಈ ಕಥೆ ತಲೆನೋವಾಯಿತು. ನರಕದಿಂದ ಯಾರನ್ನೂ ಬಿಡಿಸಲಾಗದು ಎಂಬ ತತ್ವಕ್ಕೆ ಭಂಗ ಬಾರದಂತೆ, ಟ್ರೇಜನ್ ಕ್ಷಣಕಾಲ ತನ್ನ ದೇಹಕ್ಕೆ ಮರಳಿ, ಬದುಕಿದ್ದಾಗಲೇ ಕ್ರಿಸ್ತನನ್ನು ನಂಬಿ, ಮತ್ತೆ ಸತ್ತು ಸ್ವರ್ಗಕ್ಕೆ ಹೋದ ಎಂಬ ಪಾಠ ರೂಢಿಗೆ ಬಂತು. ಡಾಂಟೆ ಒಪ್ಪಿಕೊಂಡದ್ದು ಇದನ್ನೇ.

ಇಂಗ್ಲೆಂಡಿನ ವಿಲಿಯಂ ಲ್ಯಾಂಗ್ಲೆಂಡ್ ಒಪ್ಪಿಕೊಳ್ಳಲಿಲ್ಲ. 1370ರ ದಶಕದ ಕೊನೆಯಲ್ಲಿ ತಿದ್ದಿ ಬೆಳೆಸಿದ ‘ಪಿಯರ್ಸ್ ಪ್ಲೌಮನ್’ ಕಾವ್ಯದ ಎರಡನೆಯ ಪಾಠದಲ್ಲಿ, ಪಂಡಿತರ ಚರ್ಚೆಯ ನಡುವೆ ಟ್ರೇಜನ್ ನರಕದಿಂದ ಬಿಡಿಸಿಕೊಂಡು ಬಂದವನಾಗಿ ಒಮ್ಮೆಲೇ ನುಗ್ಗುತ್ತಾನೆ. ಬಾಯಿ ತೆರೆಯುತ್ತಿದ್ದಂತೆಯೇ ಪುಸ್ತಕಗಳನ್ನು ಧಿಕ್ಕರಿಸುವ ಒಂದು ಒರಟು ಉದ್ಗಾರ ಹೊರಡುತ್ತದೆ. ಕ್ರಿಸ್ತನ ಕೆಳಗಿರುವ ಪಾಂಡಿತ್ಯವೆಲ್ಲ ಸೇರಿದರೂ ತನ್ನನ್ನು ನರಕದಿಂದ ಕಿತ್ತು ತರಲಾಗುತ್ತಿರಲಿಲ್ಲ, ತಂದದ್ದು ಪ್ರೀತಿ, ನಿಷ್ಠೆ ಮತ್ತು ತಾನು ಕೊಟ್ಟ ನ್ಯಾಯವಾದ ತೀರ್ಪುಗಳು ಎಂದು ಅವನು ಸಾರುತ್ತಾನೆ. ಪೋಪ್‌ನ ಪ್ರಾರ್ಥನೆಯಿಂದಲ್ಲ, ಅವನ ಅಪ್ಪಟ ಸತ್ಯದಿಂದಲೇ ಅವನು ಉಳಿದ ಎಂದು ಕಾವ್ಯ ಸ್ಪಷ್ಟವಾಗಿಯೇ ಹೇಳುತ್ತದೆ. ಡಾಂಟೆಯಲ್ಲಿ ಟ್ರೇಜನ್‌ನ ಬಗ್ಗೆ ಹದ್ದು ಮಾತನಾಡುತ್ತದೆ. ಇಲ್ಲಿ ಅವನೇ ಮಾತನಾಡುತ್ತಾನೆ. ಆ ವ್ಯತ್ಯಾಸವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಲ್ಯಾಂಗ್ಲೆಂಡ್ ಒಬ್ಬಂಟಿಯಾಗಿ ಹೀಗೆ ಯೋಚಿಸುತ್ತಿರಲಿಲ್ಲ. ಡರ್ಹಮ್ ಮಠದ ಉಥ್ರೆಡ್ ಎಂಬ ಸಂನ್ಯಾಸಿ, ಕ್ರೈಸ್ತನಿರಲಿ ಮುಸ್ಲಿಮನಿರಲಿ, ಸಾಯುವ ಘಳಿಗೆಯಲ್ಲಿ ಪ್ರತಿಯೊಬ್ಬನಿಗೂ ದೇವರ ಸ್ಪಷ್ಟ ದರ್ಶನವಾಗುತ್ತದೆ, ಆಗ ಅವನು ಮಾಡುವ ಆಯ್ಕೆಯೇ ಅವನ ಗತಿ ಎಂದು ಬೋಧಿಸಿದ್ದ. 1368ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆ ಬೋಧನೆಯನ್ನು ಖಂಡಿಸಿದರು.

ನನಗೆ ಅತ್ಯಂತ ಪ್ರಿಯವಾದದ್ದು ‘ಸಂತ ಎರ್ಕನ್‌ವಾಲ್ಡ್’ ಎಂಬ 352 ಸಾಲಿನ ಪುಟ್ಟ ಇಂಗ್ಲಿಷ್ ಕಾವ್ಯ. ಕವಿಯ ಹೆಸರಿಲ್ಲ, ಉಳಿದಿರುವ ಹಸ್ತಪ್ರತಿ ಒಂದೇ. ಏಳನೆಯ ಶತಮಾನದ ಲಂಡನ್. ಸೇಂಟ್ ಪಾಲ್ ಚರ್ಚ್‌ನ ಅಡಿಪಾಯ ತೋಡುತ್ತಿರುವ ಕೆಲಸಗಾರರಿಗೆ ಒಂದು ಕಲ್ಲಿನ ಸಮಾಧಿ ಸಿಗುತ್ತದೆ. ಅಂಚಿಗೆ ಬಂಗಾರದ ಅಕ್ಷರಗಳು ಹೊಳೆಯುತ್ತಿವೆ, ಆದರೆ ವಿದ್ವಾಂಸರೆಲ್ಲ ಬಂದು ನೋಡಿದರೂ ಒಂದು ಪದವೂ ಓದಲಾಗುವುದಿಲ್ಲ. ಮುಚ್ಚಳ ತೆಗೆದರೆ ಒಳಗೆ ಕಿರೀಟ ತೊಟ್ಟ, ರಾಜದಂಡ ಹಿಡಿದ ಒಂದು ದೇಹ. ಬಟ್ಟೆಗೆ ಒಂದು ಕಲೆಯಿಲ್ಲ, ನಿನ್ನೆ ಹೊಲಿದಂತಿದೆ. ಕೆನ್ನೆ ಗುಲಾಬಿಯಂತೆ ಕೆಂಪಾಗಿದೆ, ಈಗಷ್ಟೇ ನಿದ್ದೆ ಹೋದವನಂತೆ. ಬಿಷಪ್ ಎರ್ಕನ್‌ವಾಲ್ಡ್ ರಾತ್ರಿಯಿಡೀ ಪ್ರಾರ್ಥಿಸಿ, ಬೆಳಗಿನ ಪೂಜೆ ಮುಗಿಸಿ, ಸಮಾಧಿಯ ಬಳಿ ಬಂದು ಹೆಣವನ್ನೇ ಮಾತನಾಡಿಸುತ್ತಾನೆ. ಹೆಣ ಉತ್ತರಿಸುತ್ತದೆ: ತಾನು ರಾಜನಲ್ಲ, ಕ್ರಿಸ್ತನಿಗೂ ಹಿಂದಿನ ಕಾಲದಲ್ಲಿ ಈ ನಗರದ ನ್ಯಾಯಾಧೀಶನಾಗಿದ್ದೆ, ಯಾರ ಮುಲಾಜಿಗೂ ಬೀಳದೆ ತೀರ್ಪು ಕೊಟ್ಟೆ, ಅದಕ್ಕಾಗಿ ಜನರೇ ತನಗೆ ಕಿರೀಟವಿಟ್ಟು ಹೂಳಿದರು. ಹಾಗಾದರೆ ನಿನ್ನ ಆತ್ಮ ಎಲ್ಲಿದೆ ಎಂದು ಬಿಷಪ್ ಕೇಳಿದಾಗ ಅದು ನರಳುತ್ತದೆ. ಕ್ರಿಸ್ತನು ಪಾತಾಳಕ್ಕಿಳಿದು ಉಳಿದವರನ್ನೆಲ್ಲ ಕರೆದೊಯ್ದಾಗ ತನ್ನನ್ನು ಅಲ್ಲೇ ಬಿಟ್ಟುಹೋದ, ಊಟದ ಪಂಕ್ತಿಯಿಂದ ಹೊರಗುಳಿದು ಕತ್ತಲಲ್ಲಿ ಹಸಿದು ಕುಳಿತಿದ್ದೇನೆ ಎನ್ನುತ್ತದೆ.

ಸುತ್ತ ನಿಂತವರೆಲ್ಲ ಅಳುತ್ತಾರೆ. ನೀರು ತಂದು ನಿನಗೆ ದೀಕ್ಷಾಸ್ನಾನ ಮಾಡಿಸುವಷ್ಟು ಹೊತ್ತು ದೇವರು ನಿನಗೆ ಜೀವ ಕೊಡಬಾರದೇ ಎಂದು ಹಂಬಲಿಸುತ್ತ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ತಾನು ಹೇಳಬೇಕಿದ್ದ ಮಂತ್ರವನ್ನು ಬಿಷಪ್ ಸುಮ್ಮನೆ ಉಚ್ಚರಿಸುತ್ತಾನೆ. ಅದೇ ಕ್ಷಣ ಅವನ ಕಣ್ಣೀರು ಆ ಮುಖದ ಮೇಲೆ ಬೀಳುತ್ತದೆ. ಅದೇ ನೀರಾಯಿತು, ಅದೇ ಮಂತ್ರವಾಯಿತು. ತನ್ನ ಆತ್ಮ ಈಗ ಪಂಕ್ತಿಯಲ್ಲಿ ಕುಳಿತಿದೆ ಎಂದು ಹೇಳಿ ಹೆಣ ಮಾತು ನಿಲ್ಲಿಸುತ್ತದೆ. ಆ ಚೆಲುವಾದ ದೇಹ ನೋಡನೋಡುತ್ತಿದ್ದಂತೆ ಕಪ್ಪಾಗಿ, ಕೊಳೆತು, ಪುಡಿಯಾಗುತ್ತದೆ. ಊರಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ.

ಬಿಷಪ್ ದೀಕ್ಷಾಸ್ನಾನ ಮಾಡಿಸಬೇಕೆಂದು ಮಾಡಿಸಿದ್ದಲ್ಲ, ದುಃಖದಲ್ಲಿ ಆಡಿದ ಮಾತು ಅದು. ಸೂತ್ರದ ಒಂದು ಎಳೆಯನ್ನೂ ಹರಿಯದೆ, ಕರುಣೆಗೆ ಬೇಕಾದಷ್ಟೇ ಜಾಗವನ್ನು ಕವಿ ಬಿಡಿಸಿಕೊಂಡ ರೀತಿಗೆ ನಾನು ಪ್ರತಿಸಲವೂ ಬೆರಗಾಗುತ್ತೇನೆ.

ಉತ್ತರ 3

ಮೇಲಿನ ಉತ್ತರವನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ. ಎರ್ಕನ್‌ವಾಲ್ಡ್‌ನ ಕಥೆ ಮನಕರಗಿಸುವಂಥದ್ದು ನಿಜ, ಆದರೆ ಅದು ಡಾಂಟೆಗಿಂತ ಉದಾರವೆಂದು ನನಗನ್ನಿಸುವುದಿಲ್ಲ. ಅಲ್ಲಿ ಆ ನ್ಯಾಯಾಧೀಶನ ಜೀವಮಾನದ ನ್ಯಾಯವೆಲ್ಲ ಅವನ ಬಟ್ಟೆಯನ್ನು ಕಾಪಾಡಿತೇ ಹೊರತು ಆತ್ಮವನ್ನು ಉಳಿಸಲಿಲ್ಲ. ನೀರು, ಮಂತ್ರ, ಬಿಷಪ್ ಈ ಮೂರೂ ಕೂಡಿಬಂದಾಗಲೇ ಬಿಡುಗಡೆ. ಸಮಾಧಿ ಅಗೆಯುವವರ ಗುದ್ದಲಿಗೆ ಸಿಗದೆ ಹೋದ ಇನ್ನೊಬ್ಬ ನ್ಯಾಯವಂತನ ಗತಿಯೇನು ಎಂದು ಆ ಕಾವ್ಯ ಕೇಳುವುದಿಲ್ಲ. ರಿಫಿಯಸ್‌ಗೆ ಬಿಷಪ್ ಇರಲಿಲ್ಲ, ನೀರಿರಲಿಲ್ಲ, ಅವನಿಗಾಗಿ ಅಳುವ ಒಬ್ಬ ಕ್ರೈಸ್ತನೂ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಅವನ ಬದುಕಿನ ಪೂರ್ತಿ ಒಲವು ನ್ಯಾಯದ ಕಡೆಗಿತ್ತು, ಅದನ್ನು ಕಂಡು ದೇವರೇ ಕೃಪೆಯ ಮೇಲೆ ಕೃಪೆಯಿಟ್ಟು ಅವನ ಕಣ್ಣು ತೆರೆಸಿದ ಎಂದು ಡಾಂಟೆ ಬರೆದ. ಟ್ರೇಜನ್‌ಗೆ ಐತಿಹ್ಯದ ಬೆಂಬಲವಿತ್ತು. ರಿಫಿಯಸ್‌ನನ್ನು ಸ್ವರ್ಗಕ್ಕೇರಿಸಿದ್ದು ಡಾಂಟೆಯ ಸ್ವಂತ ಧೈರ್ಯ. ‘ದೇವತೆಗಳ ಎಣಿಕೆಯೇ ಬೇರೆಯಿತ್ತು’ ಎಂದು ವರ್ಜಿಲ್ ನೋವಿನಿಂದ ಬರೆದ ಅರ್ಧ ಸಾಲಿಗೆ ಹದಿಮೂರು ಶತಮಾನಗಳ ನಂತರ ಕೊಟ್ಟ ಉತ್ತರವೆಂದು ನಾನದನ್ನು ಓದುತ್ತೇನೆ.

ಇನ್ನೊಂದು ಉದಾಹರಣೆ ರೋಮ್‌ನ ರಾಜಕಾರಣಿ ಕೇಟೊ. ಅವನು ಅಕ್ರೈಸ್ತ, ಸೀಸರ್‌ನ ವಿರೋಧಿ, ಕ್ರಿ.ಪೂ. 46ರಲ್ಲಿ ಆತ್ಮಹತ್ಯೆ ಮಾಡಿಕೊಂಡವನು. ಡಾಂಟೆಯ ಲೆಕ್ಕದಲ್ಲಿ ಈ ಒಂದೊಂದೂ ಅವನನ್ನು ಕೆಳಕ್ಕೆ ತಳ್ಳಬೇಕಿತ್ತು, ಆದರೆ ಅವನು ಶುದ್ಧಿಲೋಕದ ತಪ್ಪಲಿನಲ್ಲಿ ಕಾವಲು ನಿಂತಿದ್ದಾನೆ, ಅಂತಿಮ ದಿನ ಅವನು ಕಳಚಿಟ್ಟ ದೇಹ ಬೆಳಗಲಿದೆ ಎಂಬ ಸೂಚನೆಯೂ ಇದೆ.

ಉತ್ತರ 1 ಬರೆದವರಿಂದ ಮತ್ತೆ

ಮೇಲಿನ ಭಿನ್ನಾಭಿಪ್ರಾಯವನ್ನು ನಾನು ಒಪ್ಪುತ್ತೇನೆ. ಇನ್ನು ವರ್ಜಿಲ್‌ಗಾಗಿ ಪ್ರಾರ್ಥಿಸಲು ಯಾರೂ ಇರಲಿಲ್ಲವೇ ಎಂಬ ತಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಪಠ್ಯದಲ್ಲಿ ಅದಕ್ಕೊಂದು ಎಳೆಯಿದೆ. ನರಕಕಾಂಡದ 2ನೆಯ ಸರ್ಗದಲ್ಲಿ, ಡಾಂಟೆಯನ್ನು ಕಾಪಾಡೆಂದು ಬೇಡಲು, ಅವನು ಪ್ರೀತಿಸಿದ್ದ, ತೀರಿಕೊಂಡ ಬಿಯಾಟ್ರಿಸ್ ಸ್ವರ್ಗದಿಂದ ಲಿಂಬೊಗೆ ಇಳಿದುಬಂದು ವರ್ಜಿಲ್‌ನಿಗೆ ಒಂದು ಮಾತು ಕೊಡುತ್ತಾಳೆ: ನನ್ನ ಪ್ರಭುವಿನ ಮುಂದೆ ನಿಂತಾಗ ನಿನ್ನನ್ನು ಆಗಾಗ ಹೊಗಳುತ್ತೇನೆ. ಮಾತು ಮುಗಿಸಿ ತಿರುಗುವಾಗ ಅವಳ ಕಣ್ಣಲ್ಲಿ ನೀರು ಹೊಳೆಯುತ್ತದೆ. ಕಣ್ಣೀರು ಡಾಂಟೆಯಲ್ಲೂ ಇದೆ. ಗ್ರೆಗರಿಯ ಕಣ್ಣೀರಿಗೆ, ಎರ್ಕನ್‌ವಾಲ್ಡ್‌ನ ಕಣ್ಣೀರಿಗೆ ಸಿಕ್ಕಿದ ಫಲ ಇದಕ್ಕೆ ಸಿಕ್ಕಿತೇ ಎಂಬುದನ್ನು ಕಾವ್ಯ ಎಲ್ಲೂ ಹೇಳುವುದಿಲ್ಲ. ವರ್ಜಿಲ್ ಮಾತ್ರ ತನ್ನ ಸ್ಥಿತಿಯ ಬಗ್ಗೆ ಕೊನೆಯವರೆಗೂ ನಿಸ್ಸಂಶಯನಾಗಿದ್ದಾನೆ: ಶುದ್ಧಿಲೋಕದ 7ನೆಯ ಸರ್ಗದಲ್ಲಿ, ತಾನು ಕಳೆದುಕೊಂಡದ್ದು ಮಾಡಿದ ತಪ್ಪಿನಿಂದಲ್ಲ, ಮಾಡದೆ ಹೋದದ್ದರಿಂದ, ತಿಳಿದದ್ದು ತಡವಾಗಿ ಎನ್ನುತ್ತಾನೆ. ಉಳಿದ ಸದ್ಗುಣಗಳನ್ನೆಲ್ಲ ಅರಿತು ನಡೆದೂ ಮೂರು ಪವಿತ್ರ ಗುಣಗಳನ್ನು ಉಡದಿದ್ದವರ ಜೊತೆ ತಾನಿದ್ದೇನೆ ಎಂದೂ ಅಲ್ಲಿ ಹೇಳುತ್ತಾನೆ. ರಿಫಿಯಸ್‌ಗೆ ದೀಕ್ಷಾಸ್ನಾನವಾಗಿ ಬಂದ ಆ ಮೂವರು ಸ್ತ್ರೀಯರು ಈ ಮೂರು ಗುಣಗಳೇ.

ಅವನ ದುರಂತದ ಆಳ ಸ್ಟೇಷಿಯಸ್ ಬಂದಾಗ ತಿಳಿಯುತ್ತದೆ. ಮೊದಲನೆಯ ಶತಮಾನದ ಈ ರೋಮನ್ ಕವಿಯನ್ನು ಡಾಂಟೆ ಗುಟ್ಟಾಗಿ ಕ್ರೈಸ್ತನಾದವನೆಂದು ಕಲ್ಪಿಸಿದ್ದಾನೆ, ಹಾಗೆ ಆದದ್ದು ವರ್ಜಿಲ್‌ನ ನಾಲ್ಕನೆಯ ಗೋಪಗೀತೆಯಲ್ಲಿ ಹೊಸ ಯುಗ ಬರುತ್ತದೆ ಎಂಬ ಸಾಲುಗಳನ್ನು ಓದಿ. ‘ನೀನು ಇರುಳಲ್ಲಿ ದೀಪವನ್ನು ಬೆನ್ನ ಹಿಂದೆ ಹಿಡಿದು ನಡೆದವನು, ನಿನಗದರಿಂದ ಉಪಯೋಗವಾಗಲಿಲ್ಲ, ಹಿಂದೆ ಬಂದವರಿಗೆ ದಾರಿ ಕಾಣಿಸಿತು’ ಎಂದು ಅವನು ವರ್ಜಿಲ್‌ನ ಎದುರಿಗೇ ಹೇಳುತ್ತಾನೆ. ಇದನ್ನು ಕೇಳುತ್ತ ನಿಂತ ವರ್ಜಿಲ್‌ನ ಮುಖವನ್ನು ಒಮ್ಮೆ ಊಹಿಸಿಕೊಳ್ಳಿ. ಅವನು ಮುನಿಯುವುದಿಲ್ಲ, ತನ್ನ ಜೊತೆ ಲಿಂಬೊದಲ್ಲಿರುವ ಕವಿಗಳ ಕ್ಷೇಮಸಮಾಚಾರವನ್ನು ಸ್ಟೇಷಿಯಸ್‌ಗೆ ಹೇಳುತ್ತ ನಡೆಯುತ್ತಾನೆ.

ಶುದ್ಧಿಲೋಕದ 30ನೆಯ ಸರ್ಗದಲ್ಲಿ ಬಿಯಾಟ್ರಿಸ್ ಕಾಣಿಸಿಕೊಂಡಾಗ ಡಾಂಟೆ, ಹೆದರಿದ ಮಗು ಅಮ್ಮನ ಬಳಿಗೆ ಓಡುವಂತೆ ಎಡಕ್ಕೆ ತಿರುಗಿ, ಹಳೆಯ ಉರಿಯ ಗುರುತು ಸಿಕ್ಕಿತು ಎಂದು ವರ್ಜಿಲ್‌ನಿಗೆ ಹೇಳಹೊರಡುತ್ತಾನೆ. ಅದು ವರ್ಜಿಲ್‌ನದೇ ಕಾವ್ಯದಲ್ಲಿ ಕಾರ್ಥೇಜಿನ ರಾಣಿ ಡೈಡೊ ಆಡುವ ಮಾತು. ತಿರುಗಿದರೆ ವರ್ಜಿಲ್ ಇಲ್ಲ. ಮೂರೇ ಸಾಲಿನಲ್ಲಿ ಮೂರು ಬಾರಿ ಅವನ ಹೆಸರನ್ನು ಕರೆದು ಡಾಂಟೆ ಅಳುತ್ತಾನೆ, ಆಗ ಬಿಯಾಟ್ರಿಸ್ ‘ಡಾಂಟೆ’ ಎನ್ನುತ್ತಾಳೆ. ನೂರು ಸರ್ಗಗಳ ಈ ಕಾವ್ಯದಲ್ಲಿ ಅವನ ಹೆಸರು ಬರುವುದು ಅದೊಂದೇ ಸಲ, ವರ್ಜಿಲ್ ಹೋದನೆಂದು ಈಗಲೇ ಅಳಬೇಡ ಎಂದು ಹೇಳುವುದಕ್ಕಾಗಿ.

ಇಲ್ಲಿ ಇಟಾಲಿಯನ್ ಮೂಲದ ಒಂದು ಪದದ ಕಡೆಗೆ ತಮ್ಮ ಗಮನ ಸೆಳೆಯಬೇಕು. ಲಿಂಬೊದಿಂದ ಹೊರಡುವಾಗ ಆರು ಕವಿಗಳ ಗುಂಪು ಇಬ್ಬರಿಗೆ ಕುಗ್ಗಿತು ಎನ್ನಲು ಡಾಂಟೆ ಬಳಸುವ ಕ್ರಿಯಾಪದ ‘ಶೇಮಾ’, ಅಂದರೆ ಕೊರೆಯಾಗುತ್ತದೆ, ಕೊರತೆಯಾಗುತ್ತದೆ. ವರ್ಜಿಲ್ ನಮ್ಮನ್ನು ತಾನಿಲ್ಲದ ಕೊರೆಗೆ ಬಿಟ್ಟುಹೋದ ಎನ್ನುವಲ್ಲಿ ಅದೇ ಪದದ ಇನ್ನೊಂದು ರೂಪ, ‘ಶೇಮಿ’. ತಾವು ನಿಲ್ಲಿಸಿದ ಸರ್ಗದ ಕೊನೆಗೆ ಇನ್ನೊಂದು ಹದಿನೈದು ಸಾಲು ಇರುವಾಗ, ಟ್ರೇಜನ್ ಮತ್ತು ರಿಫಿಯಸ್‌ರ ವಿಚಾರ ಮುಗಿಸಿದ ಹದ್ದು ಹೇಳುತ್ತದೆ: ಮನುಷ್ಯರೇ, ತೀರ್ಪು ಕೊಡುವಾಗ ಆತುರಪಡದೆ ನಿಮ್ಮನ್ನು ಬಿಗಿಹಿಡಿಯಿರಿ, ದೇವರನ್ನೇ ಕಾಣುತ್ತಿರುವ ನಮಗೂ ಆಯ್ಕೆಯಾದವರೆಲ್ಲ ಯಾರೆಂದು ಇನ್ನೂ ತಿಳಿದಿಲ್ಲ, ಈ ಕೊರೆ ನಮಗೆ ಸಿಹಿಯಾಗಿದೆ. ಆ ಕೊರೆಗೆ ಅಲ್ಲಿ ಬಳಸಿದ ಪದ ‘ಶೇಮೊ’.

ಪ್ರಶ್ನೆ ಕೇಳಿದವರಿಂದ

ಆ ಮೂರು ಜಾಗಗಳನ್ನೂ ತೆರೆದು ಪಕ್ಕದಲ್ಲಿಟ್ಟುಕೊಂಡು ಓದಿದೆ. ಇಂದು ರಾತ್ರಿ 21ನೆಯ ಸರ್ಗಕ್ಕೆ ಹೋಗುತ್ತೇನೆ.